ಮೇಲಿನ ಚಿಲಕ

ಹಿತ್ತಿಲ ಬಾಗಿಲಿನ ಮೇಲಿನ ಚಿಲಕ ತೆಗೆದವರು ಯಾರು?

ಮಂಗಲಾ ಬಾಗಿಲ ಮುಂದೆ ನಿಂತು ಕೈ ಎತ್ತಿ ನೋಡಿದಳು. ಚಿಲಕ ಅವಳ ತಲೆಗಿಂತ ಒಂದು ಗೇಣು ಮೇಲಿತ್ತು. ಬೆಳಿಗ್ಗೆ ಅದನ್ನು ಹಾಕಿದ್ದು ಅವಳೇ. ಈಗ ಬಾಗಿಲು ತೆರೆದು ಬಿದ್ದಿತ್ತು. ಮೂರು ವರ್ಷದಿಂದ ಹಾಸಿಗೆ ಬಿಟ್ಟು ಏಳದ ಅವಳ ಅತ್ತೆ ಗಂಗೆ ಹೊರಗೆ ಚಿಕ್ಕು ಮರದ ಬುಡದಲ್ಲಿ ಕೂತಿದ್ದರು.

ಭೂಮಿ ನಡುಗಿ ಇನ್ನೂ ಹತ್ತು ನಿಮಿಷ ಆಗಿರಲಿಲ್ಲ. ಸಂತೆಗುಳಿಯಲ್ಲಿ ಅಂಥದ್ದನ್ನು ಕಂಡವರೇ ಇರಲಿಲ್ಲ. ಜಗಲಿಯಲ್ಲಿ ರವಿಕೆ ಹೊಲಿಯುತ್ತಿದ್ದ ಮಂಗಲಾ, ಮಿಶನ್ನಿನ ಕಾಲು ಸಡಿಲವಾಗಿದೆ ಎಂದುಕೊಂಡು ಪೆಡಲಿನಿಂದ ಪಾದ ತೆಗೆದಳು. ನಡುಕ ನಿಲ್ಲಲಿಲ್ಲ. ಮಾಡಿನ ಹಂಚು ಗಲಗಲ ಅಂದಿತು, ಒಳಗೆಲ್ಲೋ ಪಾತ್ರೆ ಉರುಳಿತು. ಅವಳು ಅಂಗಳ ದಾಟಿ ರಸ್ತೆಗೆ ಓಡಿದಳು. ಅತ್ತೆ ಒಳಗಿದ್ದಾರೆ ಎಂಬುದು ನೆನಪಾದದ್ದು ನೆಲ ಸುಮ್ಮನಾದ ಮೇಲೆ. ನಾಚಿಕೆಯಿಂದ ಕುಗ್ಗಿ ಒಳಗೆ ಓಡಿ ಬಂದರೆ ಮಂಚ ಖಾಲಿ.

"ಹೆಂಗೆ ಬಂದ್ರಿ ಅತ್ತೆ?"

"ತೆವಳ್ಕಂಡು ಬಂದೆ. ಜೀವದ ಹೆದರಿಕೆ ನೋಡು."

"ಚಿಲಕ?"

"ನೀ ಹಾಕಿರ್ಲಿಲ್ಲ ಕಾಣ್ತದೆ."

ಮಂಗಲಾ ಅತ್ತೆಯನ್ನು ಎತ್ತಿಕೊಂಡು ಒಳಗೆ ತಂದು ಮಲಗಿಸುವಾಗ ಸೀರೆಯನ್ನು ಮೊಣಕಾಲಿನ ಹತ್ತಿರ ನೋಡಿದಳು. ಮಣ್ಣಾಗಿರಲಿಲ್ಲ. ಮಣ್ಣಾಗಿದ್ದದ್ದು ಅಂಗಾಲು.

ಮೂರು ವರ್ಷದ ಹಿಂದೆ ಅವಳ ಗಂಡ ದಾಸ ಕಾಮಾಲೆಯಾಗಿ ತೀರಿಕೊಂಡಿದ್ದ. ಹದಿಮೂರನೆಯ ದಿನದ ಕಾರ್ಯ ಮುಗಿದ ಮರುದಿನ, ದಾಸನ ಅಣ್ಣ, ಕುಮಟೆಯಲ್ಲಿರುವ ಭಾವ ಪ್ರಕಾಶ ಗಾಡಿ ಮಾಡಿಕೊಂಡು ಬಂದಿದ್ದ. "ನಿಂಗೂ ದಣಿವಾಗಿದೆ. ತವರಿಗೆ ಹೋಗಿ ನಾಲ್ಕು ದಿವಸ ಇದ್ದು ಬಾ" ಎಂದಿದ್ದ. ಅಷ್ಟು ಮರುಕದ ಮಾತನ್ನು ಆ ದಿನಗಳಲ್ಲಿ ಬೇರೆ ಯಾರೂ ಆಡಿರಲಿಲ್ಲ. ಅವಳು ಚಪ್ಪಲಿ ಮೆಟ್ಟುವಷ್ಟರಲ್ಲಿ ಬಚ್ಚಲಲ್ಲಿ ಅತ್ತೆ ಬಿದ್ದ ಸದ್ದು ಕೇಳಿತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ನರದ ತೊಂದರೆ ಇರಬಹುದು ಎಂದರು ಡಾಕ್ಟರು. ತವರಿನ ನಾಲ್ಕು ದಿನ ಅಲ್ಲಿಗೇ ನಿಂತಿತು.

ಅಂದಿನಿಂದ ಮೀಸುವುದು, ಎಣ್ಣೆ ತಿಕ್ಕುವುದು, ಮಲಮೂತ್ರ ಬಾಚುವುದು ಎಲ್ಲ ಅವಳದೇ. ಬೇರೆ ಯಾರು ಮುಟ್ಟಿದರೂ ಗಂಗೆ ಚೀರುತ್ತಿದ್ದರು. ಪ್ರಕಾಶ ಬಂದ ದಿನವಂತೂ ನರಳಾಟ ಎರಡು ಪಾಲು.

ಈಗ ಆ ನರಳಾಟವನ್ನು ನೆನೆದರೆ ಮಂಗಲಾಳಿಗೆ ಅದೆಲ್ಲ ನಾಟಕವೆನ್ನಿಸಿತು.

ಬುಧವಾರ ಅವಳು ಚೀಲ ಹಿಡಿದು ಹೊರಟಳು. "ಕುಮಟೆಗೆ ನೂಲು ತರೂಕೆ ಹೋಗ್ತೆ. ಮಧ್ಯಾಹ್ನ ಆಗ್ತದೆ."

"ಆತು. ನಿಧಾನಕ್ಕೆ ಬಾ."

ಬಸ್‌ಸ್ಟಾಪಿನವರೆಗೆ ಹೋಗಿ, ಹಿತ್ತಿಲ ಕಡೆಯಿಂದ ಸುತ್ತಿ ಬಂದು ಕಿಟಕಿಯ ಪಕ್ಕ ನಿಂತಳು. ಒಳಗೆ ಗಂಗೆ ನಡೆಯುತ್ತಿದ್ದರು. ಗೋಡೆಗೆ ಒಂದು ಕೈ ಆನಿಸಿ ಬಾಗಿಲಿನವರೆಗೆ ಹೋದರು, ತಿರುಗಿ ಬಂದರು. ನೆಲಕ್ಕೆ ಬಿದ್ದಿದ್ದ ರವಿಕೆಯ ತುಂಡೊಂದನ್ನು ಬಗ್ಗಿ ಹೆಕ್ಕಿ, ಧೂಳು ಕೊಡವಿ, ಹೊಲಿಯುವ ಬಟ್ಟೆಗಳ ಮೇಲೆ ಇಟ್ಟರು. ಮಂಗಲಾಳಿಗೆ ಕಂಡದ್ದು ಆ ಎರಡು ಕಾಲುಗಳು ಮಾತ್ರ.

ಅಲ್ಲಿಂದ ದೂರ ಹೋಗಿ ಪ್ರಕಾಶನಿಗೆ ಫೋನು ಮಾಡಿದಳು.

"ಕಣ್ಣಾರೆ ನೋಡಿದ್ಯಾ?"

"ನೋಡಿದೆ ಭಾವ. ಈಗಷ್ಟೇ."

"ಒಳ್ಳೇದಾತು. ನಾಳೆ ಬತ್ತೆ. ಅಬ್ಬೆ ಹತ್ರ ಎಂತದೂ ಹೇಳ್ಬೇಡ."

ಮರುದಿನ ಹತ್ತು ಗಂಟೆಗೆ ಅಂಗಳದಲ್ಲಿ ಗೂಡ್ಸ್ ರಿಕ್ಷಾ ನಿಂತಿತು. ತಾಯಿಯನ್ನು ಮಂಚ ಸಮೇತ ಕುಮಟೆಗೆ ಒಯ್ಯುತ್ತಾನೆ, ಇನ್ನು ಅವರ ಸುಳ್ಳು ಅವರ ಮಗನ ಮನೆಯಲ್ಲಿ ನಡೆಯಲಿ, ಎಂದುಕೊಂಡಳು ಮಂಗಲಾ. ಡ್ರೈವರ್ ಜಗಲಿ ಹತ್ತಿ ಹೊಲಿಗೆ ಮಿಶನ್ನನ್ನು ಒಮ್ಮೆ ಅಲ್ಲಾಡಿಸಿ ನೋಡಿದ. ಇಂಥದ್ದನ್ನು ಹತ್ತಿರದಿಂದ ಕಂಡಿಲ್ಲವೇನೋ ಪಾಪ ಎನ್ನಿಸಿತು ಅವಳಿಗೆ.

ಪ್ರಕಾಶ ಸೀದಾ ಒಳಗೆ ಹೋದ. "ಏಳು ಅಬ್ಬೆ. ಸಾಕು ಮಲಗಿದ್ದು."

ಗಂಗೆ ಮಗನ ಮುಖ ನೋಡಿದರು. ಕಿಟಕಿಯಾಚೆಯ ರಿಕ್ಷಾ ನೋಡಿದರು. ಆಮೇಲೆ ಮಂಗಲಾಳನ್ನು ನೋಡಿದರು, ತುಸು ಹೆಚ್ಚೇ ಹೊತ್ತು.

"ಆಗೂದಿಲ್ಲ ಮಗಾ."

ಅವನು ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸಿದ. ಕೈ ಬಿಟ್ಟ.

ಗಂಗೆ ಮರದ ದಿಮ್ಮಿಯ ಹಾಗೆ ಮುಂದಕ್ಕೆ ಬಿದ್ದರು. ಮಂಚದ ಅಂಚಿಗೆ ಹಣೆ ಬಡಿಯಿತು. ರಕ್ತ ಹುಬ್ಬಿನ ಮೇಲಿಂದ ಇಳಿದು ನೆಲಕ್ಕೆ ತೊಟ್ಟಿಕ್ಕಿತು. ಬೀಳುವಾಗ ಅವರು ಕೈಯನ್ನು ಕೂಡ ಮುಂದೆ ಚಾಚಿರಲಿಲ್ಲ. ಹಾಗೆ ಬೀಳುವ ಮನುಷ್ಯರನ್ನು ಮಂಗಲಾ ನೋಡಿರಲಿಲ್ಲ.

ಪ್ರಕಾಶನ ಮುಖ ಬಿಳಿಚಿತು. ಇಬ್ಬರೂ ಸೇರಿ ಅವರನ್ನು ಎತ್ತಿ ಮಲಗಿಸಿದರು. "ನಿಂಗೆ ಎಂತ ಕಂಡ್ತೋ ಏನೋ," ಎಂದು ಗದರಿದ ಅವನು. "ಸಮಾ ನೋಡ್ಕ ಅಬ್ಬೆನ್ನ." ಅಷ್ಟು ಹೇಳಿ ಹೋದ. ರಿಕ್ಷಾ ಖಾಲಿಯಾಗಿ ಹಿಂತಿರುಗಿತು.

ಮಂಗಲಾ ಹಣೆಗೆ ಬಟ್ಟೆ ಒತ್ತಿ ಹಿಡಿದಳು. ಸಿಟ್ಟು ಇಳಿದಿರಲಿಲ್ಲ. "ನಿನ್ನೆ ನೀವು ನಡೆದದ್ದು ನಾ ನೋಡಿದ್ದೆ ಅತ್ತೆ. ಮೂರು ವರ್ಷ ನಿಮ್ಮ ಹೇಲು ಉಚ್ಚೆ ಬಾಚಿದೆ. ಎಂತಕ್ಕೆ ಹೀಂಗೆ ಮಾಡಿದ್ರಿ? ನನ್ನ ಹತ್ರ ಆದ್ರೂ ಹೇಳ್ಬಹುದಿತ್ತು."

"ನಿನ್ನ ಮುಖದಲ್ಲಿ ಗುಟ್ಟು ನಿಲ್ಲೂದಿಲ್ಲ," ಅಂದರು ಗಂಗೆ. ರಿಕ್ಷಾದ ಸದ್ದು ತಿರುವು ದಾಟುವವರೆಗೆ ಕಿವಿಗೊಟ್ಟು ಮಲಗಿದ್ದು, ಆಮೇಲೆ ತಾವೇ ಕಾಲು ಮಡಚಿ ಮಂಚದ ಮೇಲೆ ಎದ್ದು ಕೂತರು.

"ಆ ರಿಕ್ಷಾ ನನ್ನ ಒಯ್ಯೂಕೆ ಬಂದದ್ದಲ್ಲ ಮಂಗಲಾ, ನಿನ್ನ ತವರಿಗೆ ಬಿಟ್ಟು ಬರೂಕೆ, ಮೂರು ವರ್ಷದ ಹಿಂದೆ ಬಂದ ಗಾಡಿನೂ ಅದ್ಕೇಯಾ, ನನ್ನ ನೋಡ್ಕಣೂಕೆ ಜನ ಬೇಕು ಅಂತಾದ್ರೆ ಮಾತ್ರ ಅವ ನಿನ್ನ ಈ ಮನೇಲಿ ಇರೂಕೆ ಬಿಡ್ತ."