ಹೊರಟವರನ್ನು ಕೇಳಬಾರದು

ಬೆಳಕು ಹರಿಯುವ ಮೊದಲೇ ವಿನಯಾ ಗೋಳಿಬಜೆ ಕರಿಯುತ್ತಿದ್ದಳು. ಗಂಡನಿಗಲ್ಲ. ಪಕ್ಕದ ಮನೆಯ ಚಂದ್ರಮತಿಯ ಬಾಯಿ ಮುಚ್ಚಿಸಲು.

ಕಡಲಿಗೆ ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದು. ಕಡಲಂಚಿನ ಕೋಡಿ ಊರಿನಲ್ಲಿ ಚಿಕ್ಕ ಮಕ್ಕಳಿಗೂ ಇದು ಗೊತ್ತು. ಕೇಳಿದರೆ ಅವತ್ತಿನ ಕಡಲು ಮುಗಿದಂತೆ. ವಿನಯಾಳ ಅಪ್ಪಯ್ಯ ಎಷ್ಟೋ ಸಲ ದೋಣಿಯ ಹತ್ತಿರದಿಂದಲೇ ತಿರುಗಿ ಬಂದು, ಕೈಕಾಲು ತೊಳೆದು, ಚಾ ಕುಡಿದು ಮಲಗಿದ್ದರು. ಯಾರೂ ಅವರನ್ನು ಆಡಿಕೊಳ್ಳಲಿಲ್ಲ. ಬೈಗುಳವೆಲ್ಲ ಕೇಳಿದವರ ಪಾಲಿಗೆ.

ಊರಿಡೀ ಈ ಮಾತಿಗೆ ಬಾಗಿದರೂ ಚಂದ್ರಮತಿಯ ನಾಲಿಗೆ ಬಾಗಿರಲಿಲ್ಲ. ಮೀನು ಮಾರಿ ಮಾರಿ ಹರಿತವಾದ ನಾಲಿಗೆ. ಚಟ್ಟ ಹೊರಟರೂ ‘ಎಲ್ಲಿಗೆ’ ಎಂದು ಕೇಳಿಯಾಳು ಎಂದು ಕೇರಿಯವರು ನಗುತ್ತಿದ್ದರು.

ವಿನಯಾಳ ಗಂಡ ಅಜಿತ ಕಡಲಿನವನಲ್ಲ. ಸಿದ್ದಾಪುರದವನು, ಕುಂದಾಪುರದಲ್ಲಿ ಸಣ್ಣ ಹೋಟೆಲ್ ಇಟ್ಟಿದ್ದ. ಮದುವೆಯಾಗಿ ಕೋಡಿಯಲ್ಲಿ ಮನೆ ಮಾಡಿದಾಗಿನಿಂದ ಅವಳ ಅಣ್ಣ ಶೈಲೇಶನಿಗೆ ಅವನನ್ನು ಕೆಣಕದಿದ್ದರೆ ಉಂಡದ್ದು ಕರಗುತ್ತಿರಲಿಲ್ಲ. “ಭಾವ ಮೀನ್ ಹಿಡುದ್ ಬಟ್ಲಂಗೆ ಮಾತ್ರ.”

ಈ ವರ್ಷ ಶೈಲೇಶ ಹಳೆಯ ಬೋಟಿಗೆ ಬಣ್ಣ ಬಳಿದು, ಬೆಂಚು ಜೋಡಿಸಿ, ಗಾಳ ಹಾಕುವ ಹುಚ್ಚಿನವರನ್ನು ದಿನವಿಡೀ ಕಡಲಿಗೆ ಒಯ್ಯುವ ವ್ಯವಹಾರಕ್ಕಿಳಿದ. ದೀಪಾವಳಿಯ ಊಟದಲ್ಲಿ ಎಲ್ಲರೂ ನಗುವಾಗ ಅಜಿತ ಎದ್ದು ನಿಂತು, “ಮೊದಲ್ನೇ ಟ್ರಿಪ್ಪಿಗೆ ನಾನ್ ಬತ್ತೆ. ಅಂಜಲ್ ಮೀನೇ ಹಿಡಿತೆ,” ಅಂದುಬಿಟ್ಟ. ಮಾತು ಆಡಿದರೆ ಹೋಯಿತು. ವಿನಯಾ ಅದನ್ನು ಇಡೀ ಕೇರಿಗೆ ಸಾರಿಬಂದಳು. ಇವತ್ತು ಅವನು ಬೋಟು ಹತ್ತದಿದ್ದರೆ ಅಣ್ಣನ ಎದುರು ಅವಳು ತಲೆ ಎತ್ತುವ ಹಾಗಿರಲಿಲ್ಲ.

ಅಜಿತನಿಗೂ ಅದೇ ಚಿಂತೆ ಇರಬೇಕು ಅಂದುಕೊಂಡಳು. ಚೀಲ ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ. ಗಾಳದ ಪೆಟ್ಟಿಗೆ, ಟೋಪಿ, ವಾಂತಿಯ ಮಾತ್ರೆ, ಮೂಸಲು ಲಿಂಬೆಹಣ್ಣು. ಹೊಸ ರಾಡಿನ ರೀಲು ಸುಮ್ಮಸುಮ್ಮನೆ ತಿರುಗಿಸಿ ದಾರವನ್ನೆಲ್ಲ ಸಿಕ್ಕು ಮಾಡಿಕೊಂಡ.

“ಲೈಫ್ ಜಾಕೆಟ್ ಎಲ್ಲರಿಗೂ ಇತ್ತಂಬ್ರಾ?”

“ಇತ್ತ್ ಮರ್ರೆ. ನೀವ್ ಬೇಗ ಹೊರ್ಡಿ. ನೀರ್ ಇಳಿಯು ಮುಂಚೆ ಅಳಿವೆ ದಾಟ್ಕ್. ಅಣ್ಣ ಯಾರನ್ನೂ ಕಾಯೂದಿಲ್ಲ.”

“ಚಂದ್ರಮತಿ ಅಕ್ಕನ ಮನಿ ಬದಿಯಂಗೆ ಹೋತೆ. ಗಾಳಕ್ಕೆ ಬೊಂಡಾಸ್ ಕೊಡ್ತೆ ಅಂದಿದ್ರ್.”

ಗಾಳಕ್ಕೆ ಬೊಂಡಾಸ್ ಮೀನಿನ ತುಂಡು ಸಿಕ್ಕಿಸಿದರೆ ಅಂಜಲ್ ತಾನಾಗಿ ಬರುತ್ತದೆ, ನಿಜ. ನಿನ್ನೆ ಸಂಜೆ ಅವನು ಚಂದ್ರಮತಿಯ ಗೇಟಿಗೆ ಒರಗಿ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದದ್ದನ್ನು ವಿನಯಾ ನೋಡಿದ್ದಳು. ಬರಿಗೈಯಲ್ಲಿ ಬಂದಿದ್ದ.

“ನಾನೇ ತತ್ತೆ,” ಅಂದಳು.

“ಬ್ಯಾಡ, ಬ್ಯಾಡ! ನಾನೇ ಹೋಯ್ಕ್.”

ಹಠಮಾರಿ. ಹೇಳಿ ಪ್ರಯೋಜನವಿಲ್ಲ. ವಿನಯಾ ಬಿಸಿ ಗೋಳಿಬಜೆಯ ತಟ್ಟೆ ಹಿಡಿದು ಹಿತ್ತಿಲಿನಿಂದ ಓಡಿದಳು.

ಚಂದ್ರಮತಿ ತಲೆ ಬಾಚಿ, ಆಗಲೇ ಗೇಟಿನ ಹತ್ತಿರ ನಿಂತಿದ್ದಳು. “ಹ್ವಾಯ್ ಹೆಣೆ, ನಿನ್ ಗಂಡ—”

“ಬಿಸಿ ಇತ್ತ್, ತಿನ್ನಿ ಅಕ್ಕ.” ಮೊದಲ ಗೋಳಿಬಜೆಯನ್ನು ವಿನಯಾ ಕೈಯಾರೆ ತುರುಕಿದಳು.

ಅಜಿತ ರಸ್ತೆಯ ನಟ್ಟನಡುವೆ ಬರುತ್ತಿದ್ದ, ರಾಡನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು. ಬೆಳಿಗ್ಗೆ ಯಾರ ಮುಖವನ್ನೂ ನೋಡದವನು ಸೈಕಲಿನಲ್ಲಿ ಹೋಗುತ್ತಿದ್ದ ಮೀನುಗಾರ ಪದ್ದುವನ್ನು ತಡೆದು, “ಹ್ವಾಯ್ ಪದ್ದಣ್ಣ, ಆರಾಮಾ?” ಅಂದ. ಪದ್ದು ರಾಡು ನೋಡಿದ, ಕೈ ಎತ್ತಿದ, ತುಟಿ ಬಿಚ್ಚದೆ ಪೆಡಲು ತುಳಿದ. ವಿನಯಾಳಿಗೆ ಹೋದ ಜೀವ ಬಂತು.

ಗೇಟಿನ ಮುಂದೆ ಅಜಿತ ನಿಂತ. ಕೆಮ್ಮಿದ. ಚೀಲ ಕೆಳಗಿಟ್ಟ. ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡ.

“ಅಕ್ಕಾ, ನಾನ್ ಹೊರ್ಟೆ.”

ಇಂಥ ದಡ್ಡನೂ ಇರುತ್ತಾನಾ! ಚಂದ್ರಮತಿ ತುಂಬಿದ ಬಾಯಲ್ಲೇ “ಎ... ಎ...” ಅನ್ನತೊಡಗಿದ್ದಳು. ಇನ್ನೊಂದು ಗೋಳಿಬಜೆ ಒಳಗೆ ಹೋಯಿತು. ಅದರ ಮೇಲೆ ವಿನಯಾಳ ಅಂಗೈ.

“ನೀವ್ ನಡೀರಿ! ಬೋಟ್ ಹೋತ್!”

ಅಜಿತ ನಡೆದ. ಮೊದಲ ದಿನ ಶಾಲೆಗೆ ಹೊರಟ ಮಗುವಿನ ಹಾಗೆ, ತಿರುಗಿ ತಿರುಗಿ ಚಂದ್ರಮತಿಯನ್ನೇ ನೋಡುತ್ತ. ಬೊಂಡಾಸಿನ ಮಾತೇ ಎತ್ತಲಿಲ್ಲ.

ಇವಳನ್ನು ನಂಬುವ ಹಾಗಿಲ್ಲ ಎಂದು ವಿನಯಾ ಚಂದ್ರಮತಿಯ ತೋಳು ಹಿಡಿದು, ತಟ್ಟೆಯ ಸಮೇತ ದಡದವರೆಗೂ ಎಳೆದುಕೊಂಡು ಹೋದಳು. ದಾರಿಯುದ್ದಕ್ಕೂ ತಿನ್ನಿಸಿದಳು.

ಶೈಲೇಶ ಬೋಟಿನಿಂದ ಬಗ್ಗಿ ಅಜಿತನಿಗೆ ಕೈ ಕೊಟ್ಟು ಹತ್ತಿಸಿಕೊಂಡ. “ನಾನ್ ಸೋತೆ. ಭಾವ, ನೀವ್ ಕೋಡಿಯವ್ರೇ ಸೈ!” ಆ ನಗುವಿನಲ್ಲಿ ಮೊದಲ ಸಲ ಕೊಂಕಿರಲಿಲ್ಲ. ವಿನಯಾಳ ಕಣ್ಣು ತುಂಬಿತು. ಇಷ್ಟು ವರ್ಷ ನುಂಗಿಕೊಂಡದ್ದೆಲ್ಲ ಇವತ್ತು ಇಳಿದು ಹೋಯಿತು.

ಅಳಿವೆಯ ಮೊದಲ ತೆರೆಗೆ ಬೋಟು ಮೂತಿ ಎತ್ತಿತು. ಅವಳು ಕೈ ಬೀಸಿದಳು. ಅಜಿತ ಬೀಸಲಿಲ್ಲ. ಅವನ ಎರಡೂ ಕೈ ಕಂಬಿ ಹಿಡಿದಿದ್ದವು.

“ಅಯ್ಯೋ ಅಕ್ಕ, ಬೊಂಡಾಸ್ ಕೊಡುಕೇ ಮರ್ತ್ ಹೋಯ್ತಲೆ!” ವಿನಯಾ ಕಣ್ಣೊರೆಸಿಕೊಳ್ಳುತ್ತ ನಕ್ಕಳು.

ಚಂದ್ರಮತಿ ಕೊನೆಯ ತುತ್ತನ್ನು ಕಷ್ಟಪಟ್ಟು ನುಂಗಿದಳು.

“ಎಂತಾ ಬೊಂಡಾಸ್ ಹೆಣೆ? ‘ನಂಗ್ ಈಜ್ ಬತ್ತಿಲ್ಲೆ ಅಕ್ಕ, ನಾಳೆ ಗೇಟಿನ ಹತ್ರ ನಿಂತ್ಕಂಡ್ ಎಲ್ಲಿಗ್ ಹೊರ್ಟದ್ ಅಂದೇಳಿ ಒಂದ್ ಮಾತ್ ಕೇಣಿ’ ಅಂತ ನಿನ್ ಗಂಡ ನಿನ್ನೆ ನಂಗ್ ಕೈ ಮುಗ್ದಿದ್ರ್.”