ಹಸಿರು ಪಟ್ಟಿಯ ತಪ್ಪು

"ಈ ಹಸಿರು ಪಟ್ಟಿ ಅಳಿಸಿಬಿಡಿ. ತಪ್ಪು ನನ್ನದೇ."

ಸಂಗಮನಾಥ ನಕ್ಷೆಯ ಮೇಲೆ ಅಂಗೈ ಊರಿ ಹೀಗೆಂದಾಗ ಸಭೆಯಲ್ಲಿದ್ದವರು ಮುಖಮುಖ ನೋಡಿಕೊಂಡರು. ನಾಸಿಕ್‌ನಲ್ಲಿ ರಸ್ತೆಗಳ ನಕ್ಷೆ ಮಾಡಿಕೊಡುವ ಆ ಖಾಸಗಿ ಕಂಪನಿಯಲ್ಲಿ ಎಂಜಿನಿಯರೊಬ್ಬ ತಾನಾಗಿ ತಪ್ಪೊಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ಪಂಚವಟಿ ಕಡೆಗೆ ಹೋಗುವ ರಸ್ತೆಗೆ ಸೈಕಲ್ ಪಥ ಬರೆದವನು ಅವನೇ. ಎಡಕ್ಕೆ ಸಾಲಾಗಿ ನಿಲ್ಲುವ ಕಾರುಗಳು, ಬಲಕ್ಕೆ ಓಡುವ ಟೆಂಪೋಗಳು, ನಡುವೆ ನಾಲ್ಕಡಿ ಹಸಿರು ಬಣ್ಣ. ಬಣ್ಣ ಬಳಿದು ತಿಂಗಳಾಗಿರಲಿಲ್ಲ. ಒಂದು ಬೆಳಿಗ್ಗೆ ಸೈಕಲ್ ಏರಿ ಟೈಲ್ಸ್ ಕೆಲಸಕ್ಕೆ ಹೊರಟಿದ್ದ ಸೋಮಲಿಂಗ ಪಟ್ಟಿಯಿಂದ ಸರ್ರನೆ ಬಲಕ್ಕೆ ವಾಲಿ, ಲಾಸಲಗಾಂವ್‌ನಿಂದ ಈರುಳ್ಳಿ ತರುತ್ತಿದ್ದ ಟೆಂಪೋದಡಿ ಸಿಕ್ಕಿ ಸತ್ತ. ಇಪ್ಪತ್ತೆರಡು ವರ್ಷ. ಅಫಜಲಪುರದಿಂದ ತಾಯಿಯೊಡನೆ ದುಡಿಯಲು ಬಂದವನು.

ನಿಂತಿದ್ದ ಕಾರಿನ ಬಾಗಿಲು ಒಮ್ಮೆಲೇ ತೆರೆಯಿತು, ತಪ್ಪಿಸಿಕೊಳ್ಳಲು ವಾಲಿದ ಎಂದು ಟೆಂಪೋ ಚಾಲಕ ಅಮಸಿದ್ದ ಹೇಳಿದ. ಪೊಲೀಸರು ಬರುವಷ್ಟರಲ್ಲಿ ಅಲ್ಲಿ ಆ ಕಾರಿರಲಿಲ್ಲ. ಅವನನ್ನು ನಂಬಿದವರೂ ಇರಲಿಲ್ಲ.

ಸಂಗಮನಾಥ ಮಾತ್ರ ನಂಬಿದ. "ಸೈಕಲ್ ಫುಟ್‌ಪಾತಿನ ಪಕ್ಕ ಹೋಗಬೇಕು. ಆಮೇಲೆ ಎರಡಡಿ ಅಗಲದ ಕಟ್ಟೆ. ಕಾರು ಅದರಾಚೆ. ಬಾಗಿಲು ಯಾರ ಮೈಮೇಲೂ ತೆರೆಯಬಾರದು" ಎಂದು ಸಭೆಯಿಂದ ಸಭೆಗೆ ಅಲೆದ. ಅಂಗಡಿಯವರು ಬೈದರು, ಮೇಲಿನವರು ಗದರಿದರು. ಅವನು ಬಿಡಲಿಲ್ಲ. ಕಾರು ಮಾರಿ ತಾನೇ ಸೈಕಲ್ ತುಳಿಯತೊಡಗಿದ.

ಸೋಮಲಿಂಗನ ತಾಯಿ ಮಾಳವ್ವ ಕೇಸಿನ ಸುದ್ದಿ ಕೇಳಲು ಪ್ರತಿ ಸೋಮವಾರ ಅವನ ಕಚೇರಿಗೆ ಬರುತ್ತಿದ್ದಳು. ಆ ಮರಾಠಿ ಗದ್ದಲದಲ್ಲಿ ಅವಳ ಮಾತು ತಿಳಿಯುತ್ತಿದ್ದದ್ದು ಭಾಲ್ಕಿಯವನಾದ ಸಂಗಮನಾಥನೊಬ್ಬನಿಗೇ.

"ಡ್ರೈವರನ ಹೆಣ್ತಿ ಕೂಸಿನ್ನ ಎತಗೊಂಡು ಬಂದು ನನ್ನ ಕಾಲು ಹಿಡದಾಳ್ರಿ ಸಾಹೇಬ್ರ. ಅವರು ಸುಳ್ಳು ಹೇಳೋ ಮಂದಿ ಅಲ್ರಿ. ಬಾಗಲಾ ತಗದಾಂವ ಸಿಗತಾನೇನ್ರಿ?"

"ಅವನ್ನ ಹುಡುಕೋದು ಪೊಲೀಸರ ಕೆಲಸ ರೀ ಅವ್ವಾ. ರಸ್ತಾ ನೆಟ್ಟಗ ಮಾಡೋದು ನನ್ನ ಕೆಲಸ."

"ನಿಮ್ಮಂಥವರು ಎಲ್ಲಿ ಸಿಗತಾರ್ರಿ!"

ಅವನು ನಕ್ಷೆಯಿಂದ ತಲೆಯೆತ್ತಲಿಲ್ಲ.

ಒಂದೂವರೆ ವರ್ಷಕ್ಕೆ ಹೊಸ ಪಥವಾಯಿತು. ಒಂದು ಮಳೆಗಾಲ ಪೂರ್ತಿ ಅಲ್ಲಿ ಒಬ್ಬ ಸವಾರನಿಗೂ ಗೀರು ಬೀಳಲಿಲ್ಲ. ಸಂಭಾಜಿನಗರದ ಎಂಜಿನಿಯರುಗಳು ಬಂದು ನೋಡಿ ನಕ್ಷೆ ಕೇಳಿ ಒಯ್ದರು. ತಪ್ಪು ತಿದ್ದಿಕೊಂಡ ಎಂಜಿನಿಯರ್ ಎಂದು ಕಂಪನಿ ಸನ್ಮಾನ ಇಟ್ಟುಕೊಂಡಿತು. ಮಾಳವ್ವನೇ ಶಾಲು ಹೊದಿಸಿ, ಅವನ ಹಣೆಗೆ ವಿಭೂತಿ ಹಚ್ಚಿದಳು.

"ನನ್ನ ಮಗ ಹೋದ್ರೂ ಹತ್ತು ಮಂದಿ ಮಕ್ಕಳು ಉಳದ್ರು. ನಿಮಗ ಪುಣ್ಯಾ ಬರಲ್ರಿ."

ಅದೇ ಮಧ್ಯಾಹ್ನ ಕೋರ್ಟು ಅಮಸಿದ್ದನಿಗೆ ಎರಡು ವರ್ಷ ಜೈಲು ವಿಧಿಸಿತು. ಕಾರು ಕಂಡೆ ಎನ್ನಲು ಒಬ್ಬ ಸಾಕ್ಷಿಯೂ ಮುಂದೆ ಬಂದಿರಲಿಲ್ಲ. ಸುದ್ದಿ ಕೇಳಿ ಸಂಗಮನಾಥ ಶಾಲು ಮಡಚಿದ.

ಸೋಮಲಿಂಗ ಸತ್ತ ಬೆಳಿಗ್ಗೆ, ತಾನು ಬರೆದ ಹಸಿರು ಪಟ್ಟಿ ಎಷ್ಟು ಚೆಂದ ಕಾಣುತ್ತದೆಂದು ನೋಡಲು ಕಾರು ನಿಲ್ಲಿಸಿ, ಹಿಂದೆ ನೋಡದೆ ಬಾಗಿಲು ತೆರೆದವನು ಅವನೇ.