ಒಳಬಂದ ದಿನಾಂಕ

"ಈ ಮಗು ಚೀನಾಕ್ಕೆ ಬಂದದ್ದು ಯಾವತ್ತು?" ವೀಸಾ ಕಚೇರಿಯ ಕೌಂಟರಿನ ಗಾಜಿನ ಆಚೆಯಿಂದ ಹುಡುಗಿ ಕೇಳಿದಳು.

ಚೀನೀ ಭಾಷೆ ಅಷ್ಟಾಗಿ ಬಾರದ ಜಿಬೆಕ್ ಮಗುವನ್ನು ಇನ್ನೊಂದು ತೋಳಿಗೆ ಬದಲಾಯಿಸಿಕೊಂಡು ತೋತುಗುಲ್ ಕಡೆ ನೋಡಿದಳು. ಚೀನಾದ ಈ ಯಿವು ಪೇಟೆಯಲ್ಲಿರುವ ಕಿರ್ಗಿಜರಿಗೆಲ್ಲ ವೀಸಾದ ದಾರಿ ಹೇಳುವವಳು ತೋತುಗುಲ್. ಹನ್ನೆರಡು ವರ್ಷದಿಂದ ಇಂಥ ಕೌಂಟರುಗಳ ಮುಂದೆ ನಿಂತವಳು. ಈ ಫಾರಂ ತುಂಬಿಸಿದ್ದೂ ಅವಳೇ. "ನಿನ್ನ ತಾರೀಖೇ ಹಾಕು, ತಾಯಿ ಬಂದ್ರೆ ಮಗು ಬಂದಂಗೇ" ಎಂದಿದ್ದಳು.

"ಎರಡು ವರ್ಷದ ಹಿಂದೆ ಉರುಮ್ಚಿ ವಿಮಾನ ನಿಲ್ದಾಣದಲ್ಲಿ ಬಂದಿಳಿದ ಅಂತ ಬರೆದಿದೀರಿ," ಹುಡುಗಿ ಹೇಳಿದಳು. "ಹುಟ್ಟಿ ಐವತ್ತೊಂಬತ್ತು ದಿನ ಅಂತಲೂ ಬರೆದಿದೀರಿ."

"ಇವನು ಬರಲೇ ಇಲ್ಲಮ್ಮ. ಇಲ್ಲೇ ಇದ್ದ," ತೋತುಗುಲ್ ಅಂದಳು. "ಸೇತುವೆ ಹತ್ರದ ಆಸ್ಪತ್ರೇಲಿ ಹುಟ್ಟಿದ್ದು."

"ಒಳಗೇ ಬರದವರನ್ನ ನಾನು ಹೊರಗೆ ಹೇಗೆ ಕಳಿಸ್ಲಿ? ಬಂದ ತಾರೀಖು ಖಾಲಿ ಬಿಟ್ರೆ ಕಂಪ್ಯೂಟರ್ ಮುಂದಕ್ಕೇ ಹೋಗಲ್ಲ."

ಚೀನಾದಲ್ಲಿರಲು ಜಿಬೆಕ್‌ಳಿಗಿದ್ದ ಪರವಾನಗಿ ಶುಕ್ರವಾರಕ್ಕೆ ಮುಗಿಯುತ್ತಿತ್ತು. ಅಷ್ಟರೊಳಗೆ ಅವಳು ದೇಶ ಬಿಡಬೇಕು, ತನ್ನ ದೇಶದ ರಾಜಧಾನಿ ಬಿಷ್ಕೆಕ್‌ನಲ್ಲಿ ಹೊಸ ವೀಸಾ ಮಾಡಿಸಿಕೊಂಡು ಮಗುವಿನ ಜೊತೆ ಮರಳಬೇಕು. ಗಂಡ ಎಲ್ದಾರ್‌ನ ಪರವಾನಗಿ ಇನ್ನೂ ಒಂದು ವರ್ಷವಿತ್ತು. ಹೋಟೆಲಿನ ಒಲೆ ಬಿಟ್ಟು ಅವನು ಬರುವಂತಿರಲಿಲ್ಲ. ಮಗುವಿನ ಹೊಚ್ಚ ಹೊಸ ಪಾಸ್‌ಪೋರ್ಟಿನಲ್ಲಿ ಒಂದು ಮುದ್ರೆಯೂ ಇಲ್ಲ. ಹೊರಹೋಗುವ ವೀಸಾ ಇಲ್ಲದಿದ್ದರೆ ಅವನನ್ನು ವಿಮಾನ ಹತ್ತಿಸುವುದಿಲ್ಲ. ಅವನನ್ನು ಬಿಟ್ಟು ಇವಳು ಹತ್ತುವುದು ಹೇಗೆ?

"ಅಕ್ಕ, ನೀನೇ ತಾನೆ ಹಂಗೆ ಬರೆಸಿದ್ದು," ಜಿಬೆಕ್ ಮೆಲ್ಲಗೆ ಹೇಳಿದಳು.

"ನಂಗೇನು ಗೊತ್ತು ಮಾರಾಯ್ತಿ. ಬಾಗಿಲು ದಾಟದೇ ಒಳಗೆ ಬಂದ ಗಿರಾಕೀನ ನಾನೂ ಇವತ್ತೇ ನೋಡ್ತಿರೋದು."

ಹುಡುಗಿ ಎದ್ದು ಹೋಗಿ ಹಿರಿಯ ಅಧಿಕಾರಿಯನ್ನು ಕರೆತಂದಳು. ಅವನು ಫಾರಂ ಓದಿದ. ಪಾಸ್‌ಪೋರ್ಟಿನ ಹಾಳೆಗಳನ್ನೆಲ್ಲ ತಿರುವಿದ. ಫೋಟೊ ನೋಡಿ, ಮಗುವಿನ ಮುಖ ನೋಡಿ, ಮತ್ತೆ ಫೋಟೊ ನೋಡಿದ. ಮಗು ಆಕಳಿಸಿತು.

"ಹುಟ್ಟಿದ ದಿನಾನೇ ಬಂದ ದಿನ ಅಂತ ಹಾಕು."

"ಸರಿ ಸರ್. ಯಾವ ಗಡಿಯಿಂದ ಬಂದ ಅಂತ ಹಾಕ್ಲಿ?"

ಅಧಿಕಾರಿ ಕಿವಿ ಕೆರೆದುಕೊಂಡ. "ಕೆಳಗೆ 'ಇತರೆ' ಅಂತಿದೆಯಲ್ಲ, ಅದನ್ನ ಒತ್ತು."

ಕಂಪ್ಯೂಟರ್ ಮುಂದಕ್ಕೆ ಹೋಯಿತು. ಜಿಬೆಕ್ ಪಾಸ್‌ಪೋರ್ಟಿಗೆ ಕೈ ಚಾಚಿದಳು. ಅಷ್ಟರಲ್ಲಿ ಹುಡುಗಿ ಮತ್ತೇನೋ ಹೇಳಿದಳು. ತೋತುಗುಲ್ ಎರಡು ಸಲ ಕೇಳಿಸಿಕೊಂಡು ಈ ಕಡೆ ತಿರುಗಿದಳು.

"ಈ ವೀಸಾ ಹೋಗೋದಕ್ಕೆ ಮಾತ್ರವಂತೆ. ಇವನು ವಾಪಸ್ ಬರ್ಬೇಕಂದ್ರೆ ಎಲ್ದಾರ್ ಆಹ್ವಾನ ಪತ್ರ ಬರೀಬೇಕಂತೆ."

"ಯಾರಿಗೆ?"

"ಇವನಿಗೇ." ತೋತುಗುಲ್ ಗದ್ದದಿಂದ ಮಗುವನ್ನು ತೋರಿಸಿದಳು. ನಗಬೇಕೋ ಬೇಡವೋ ಅವಳಿಗೂ ತಿಳಿಯಲಿಲ್ಲ. "ದಯವಿಟ್ಟು ನಮ್ಮ ಮನೆಗೆ ಬಂದು ಹೋಗಿ ಅಂತ."

ಹುಡುಗಿ ಮಾದರಿ ಪತ್ರವೊಂದನ್ನು ಗಾಜಿನ ಕೆಳಗಿನಿಂದ ತಳ್ಳಿದಳು. ತೋತುಗುಲ್ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದಳು: ಅತಿಥಿಯ ಹೆಸರು, ಏನು ಸಂಬಂಧ, ಎಲ್ಲಿ ಉಳಿಯುತ್ತಾರೆ, ಊಟದ ಖರ್ಚು ಯಾರದು.

"ಇವನ್ನೆಲ್ಲ ಎಲ್ದಾರ್ ಬರೀತಾನೆ ಬಿಡು. ಕೊನೇದನ್ನ ಮಾತ್ರ ಇಬ್ರೂ ಕೂತು ಯೋಚ್ನೆ ಮಾಡಿ."

"ಏನದು?"

"ಅತಿಥಿ ತಮ್ಮ ಮನೆಗೆ ಯಾವತ್ತು ಹಿಂತಿರುಗ್ತಾರೆ ಅಂತ."